ಹಾಡಿಗೆ ಹೊಂದುವ ಅಪ್‌ರೈಟ್: ವರ್ಚುವಲ್ ಪಿಯಾನೊ ಆರಿಸುವ ಬಗೆ

ವರ್ಚುವಲ್ ಪಿಯಾನೊ, ಅಂದರೆ ಕಂಪ್ಯೂಟರ್ ತಂತ್ರಾಂಶದ ರೂಪದ ಪಿಯಾನೊ, ಹುಡುಕಲು ಹೊರಟವರ ಕಣ್ಣು ಮೊದಲು ಬೀಳುವುದು ಒಂಬತ್ತು ಅಡಿಯ ಕಾನ್ಸರ್ಟ್ ಗ್ರ್ಯಾಂಡ್ ಮೇಲೆ. ದೊಡ್ಡ ವಾದ್ಯ, ದೊಡ್ಡ ನಾದ, ಹತ್ತಾರು ಗಿಗಾಬೈಟ್ ಸ್ಯಾಂಪಲ್ (ಮುದ್ರಿಸಿಟ್ಟ ಸ್ವರಗಳು). ಒಂಟಿಯಾಗಿ ನುಡಿಸಿದಾಗ ಅದು ಮನಸೂರೆಗೊಳ್ಳುತ್ತದೆ. ಗಿಟಾರ್, ಡ್ರಮ್ಸ್, ಬಾಸ್, ಗಾಯಕರ ದನಿ ಎಲ್ಲ ಬಂದು ಸೇರಿದ ಮೇಲೆ ಅದೇ ಪಿಯಾನೊ ಎಲ್ಲರ ಜಾಗವನ್ನೂ ಆಕ್ರಮಿಸಿ ಕೂರುತ್ತದೆ. ಆಮೇಲೆ ಇಕ್ವಲೈಜರ್ ಹಿಡಿದು ಮಂದ್ರವನ್ನು ಕತ್ತರಿಸು, ಅಗಲವನ್ನು ಕುಗ್ಗಿಸು, ರಿವರ್ಬ್ (ಕೋಣೆಯ ಮಾರ್ದನಿ) ತೆಗೆ ಎಂದು ಅದನ್ನು ಚಿಕ್ಕದು ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಚಿಕ್ಕ ಪಿಯಾನೊವೇ ಬೇಕಿದ್ದರೆ ಚಿಕ್ಕದನ್ನೇ ಆರಿಸಬಹುದಿತ್ತಲ್ಲ!

ಆ ಚಿಕ್ಕದು ಅಪ್‌ರೈಟ್, ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ. ಆದರೆ ಇಲ್ಲೂ ಒಂದು ತೊಡಕಿದೆ. ಅಪ್‌ರೈಟ್‌ನ ಸೊಗಸು ಅದರ ಊನಗಳಲ್ಲೇ ಇದೆ: ಮರದ ಕಟಕಟ, ತುಸು ಸಡಿಲಾದ ಶ್ರುತಿ, ಬೇಗ ಆರಿಹೋಗುವ ನಾದ. ಮುದ್ರಿಸಿ ಮಾಡಿದ ವರ್ಚುವಲ್ ವಾದ್ಯದಲ್ಲಿ ಈ ಊನಗಳು ಧ್ವನಿಮುದ್ರಣದಲ್ಲೇ ಅಚ್ಚಾಗಿರುತ್ತವೆ, ಆಮೇಲೆ ತೆಗೆಯಲಾಗುವುದಿಲ್ಲ. ಆದ್ದರಿಂದ ಯಾವ ಊನ ನಿಮ್ಮ ಹಾಡಿಗೆ ಒಪ್ಪುತ್ತದೆ, ಯಾವುದು ಕಿವಿಗೆ ಚುಚ್ಚುತ್ತದೆ ಎಂದು ಮೊದಲೇ ಕೇಳಿ ತಿಳಿಯುವುದೇ ಆಯ್ಕೆಯ ಮುಖ್ಯ ಕೆಲಸ.

ಮೊದಲು ವಾದ್ಯದ ಒಳಗೆ ಒಂದು ಇಣುಕು

ಗ್ರ್ಯಾಂಡ್ ಪಿಯಾನೊದಲ್ಲಿ ತಂತಿಗಳು ಅಡ್ಡಲಾಗಿ ಮಲಗಿರುತ್ತವೆ. ಸುತ್ತಿಗೆ ಕೆಳಗಿನಿಂದ ಮೇಲೆದ್ದು ಬಡಿದು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಅಪ್‌ರೈಟ್‌ನಲ್ಲಿ ತಂತಿಗಳು ನೆಟ್ಟಗೆ ನಿಂತಿರುತ್ತವೆ. ಸುತ್ತಿಗೆ ಮುಂದಕ್ಕೆ ಹೋಗಿ ಬಡಿಯುತ್ತದೆ, ಹಿಂದಿರುಗಲು ಸ್ಪ್ರಿಂಗ್ ಮತ್ತು ಪಟ್ಟಿಯ ನೆರವು ಬೇಕು. 1821ರಲ್ಲಿ ಪಿಯಾನೊ ತಯಾರಕರಾದ ಎರಾರ್ ಮನೆತನದವರು ಪೇಟೆಂಟ್ ಪಡೆದ ಯಂತ್ರರಚನೆಯಿಂದಾಗಿ ಗ್ರ್ಯಾಂಡ್‌ನಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದನ್ನು ಮತ್ತೆ ನುಡಿಸಬಹುದು. ಬಹುಪಾಲು ಅಪ್‌ರೈಟ್‌ಗಳಲ್ಲಿ ಆ ಸೌಲಭ್ಯವಿಲ್ಲ. ಒಂದೇ ಸ್ವರವನ್ನು ಬಿರುಸಾಗಿ ಮರುನುಡಿಸಿದಾಗ ಅಪ್‌ರೈಟ್ ಸ್ವಲ್ಪ ತಡವರಿಸಿದಂತೆ, ಬಿಡಿಬಿಡಿಯಾಗಿ ಕೇಳಿಸುವುದಕ್ಕೆ ಕಾರಣ ಇದು.

ಮಂದ್ರ ಸ್ಥಾಯಿಯ ಕಥೆ ಇನ್ನೂ ಮುಖ್ಯ. ಪಿಯಾನೊದ ಅತಿ ಕೆಳಗಿನ ಸ್ವರದ ಕಂಪನಾಂಕ 27.5 ಹರ್ಟ್ಜ್. ಗಿಡ್ಡ ತಂತಿಯಿಂದ ಅಷ್ಟು ತಗ್ಗಿನ ಸ್ವರ ಹೊರಡಬೇಕಾದರೆ ಅದರ ಮೇಲೆ ತಾಮ್ರ ಸುತ್ತಿ ದಪ್ಪ ಮಾಡಬೇಕು. ಗಿಡ್ಡ, ದಪ್ಪ ತಂತಿ ಸುಲಭವಾಗಿ ಬಾಗುವುದಿಲ್ಲ. ಅದರ ಹಾರ್ಮೋನಿಕ್‌ಗಳು (ಮೂಲಸ್ವರದ ಜೊತೆ ಮೊಳಗುವ ಮೇಲಿನ ಸ್ವರಗಳು) ಇರಬೇಕಾದ ಜಾಗಕ್ಕಿಂತ ತುಸು ಮೇಲಕ್ಕೆ ಸರಿದುಬಿಡುತ್ತವೆ, ಮೂಲಸ್ವರ ಕ್ಷೀಣವಾಗುತ್ತದೆ. ಅಪ್‌ರೈಟ್‌ನ ಎಡಗೈ ಭಾಗ ಮೊರೆಯುವಂತೆ, ಕೊಂಚ ಲೋಹದಂತೆ ಕೇಳಿಸುವುದು ಹೀಗೆ. ಬಾಸ್ ಗಿಟಾರ್ ಇರುವ ಹಾಡಿಗೆ ಇದು ವರ. ಪಿಯಾನೊ ತಾನಾಗಿಯೇ ಬಾಸ್‌ಗೆ ಜಾಗ ಬಿಟ್ಟುಕೊಡುತ್ತದೆ.

ಪೆಡಲ್‌ಗಳನ್ನೂ ಗಮನಿಸಿ. ಗ್ರ್ಯಾಂಡ್‌ನ ಎಡ ಪೆಡಲ್ ಸುತ್ತಿಗೆಗಳ ಸಾಲನ್ನೇ ಪಕ್ಕಕ್ಕೆ ಸರಿಸುತ್ತದೆ, ನಾದದ ಬಣ್ಣವೇ ಬದಲಾಗುತ್ತದೆ. ಅಪ್‌ರೈಟ್‌ನ ಎಡ ಪೆಡಲ್ ಸುತ್ತಿಗೆಗಳನ್ನು ತಂತಿಯ ಹತ್ತಿರಕ್ಕೆ ತರುತ್ತದೆ. ಹೊಡೆತ ಮೆದುವಾಗುತ್ತದೆ, ಬಣ್ಣ ಹೆಚ್ಚು ಬದಲಾಗುವುದಿಲ್ಲ. ಅನೇಕ ಅಪ್‌ರೈಟ್‌ಗಳಲ್ಲಿ ನಡುವಿನ ಪೆಡಲ್ ಒತ್ತಿದರೆ ಸುತ್ತಿಗೆಗೂ ತಂತಿಗೂ ನಡುವೆ ಫೆಲ್ಟ್ ಬಟ್ಟೆಯ ಪಟ್ಟಿಯೊಂದು ಇಳಿಯುತ್ತದೆ. ಅಕ್ಕಪಕ್ಕದವರ ನಿದ್ದೆ ಕೆಡದಿರಲಿ ಎಂದು ಮಾಡಿದ ಈ ಏರ್ಪಾಡೇ ಇಂದು ‘ಫೆಲ್ಟ್ ಪಿಯಾನೊ’ ಎಂಬ ಒಂದು ಇಡೀ ಬಗೆಯ ನಾದಕ್ಕೆ ಮೂಲವಾಗಿದೆ.

ಒಂದನೆಯ ಹೆಜ್ಜೆ: ಪಿಯಾನೊಗೆ ಹಾಡಿನಲ್ಲಿ ಏನು ಕೆಲಸ?

ಇದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಬರೆಯಲಾಗದಿದ್ದರೆ ಇನ್ನೂ ಪ್ಲಗಿನ್ (ಸಂಗೀತ ತಂತ್ರಾಂಶದೊಳಗೆ ತೆರೆಯುವ ವರ್ಚುವಲ್ ವಾದ್ಯ) ಹುಡುಕುವ ಹೊತ್ತು ಬಂದಿಲ್ಲ.

ವಾದ್ಯವೃಂದದ ನಡುವೆ ಲಯಬದ್ಧವಾಗಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿಸುವುದಾದರೆ ಚುರುಕಾದ, ಶ್ರುತಿ ಕಟ್ಟುನಿಟ್ಟಾಗಿರುವ ಆಧುನಿಕ ಅಪ್‌ರೈಟ್ ಬೇಕು. ಎಕ್ಸ್‌ಎಲ್‌ಎನ್ ಆಡಿಯೊದ ಅಡಿಕ್ಟಿವ್ ಕೀಸ್ ಸರಣಿಯ ‘ಮಾಡರ್ನ್ ಅಪ್‌ರೈಟ್’ ಈ ಜಾತಿಯದು. ಯಮಹಾ ಯು3 ವಾದ್ಯದಿಂದ ಅದನ್ನು ಮುದ್ರಿಸಿದ್ದಾರೆ. ಹಳೆಯ ಕಾಲದ ಬೆಚ್ಚನೆಯ ದನಿ ಬೇಕಾದರೆ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ‘ದ ಜಂಟಲ್‌ಮನ್’ ಇದೆ, ಅದರ ಮೂಲ 1908ರ ಒಂದು ಅಪ್‌ರೈಟ್. ಸುತ್ತಿಗೆಯ ತುದಿಗೆ ಲೋಹದ ಮೊಳೆ ಚುಚ್ಚಿದ ‘ಟ್ಯಾಕ್ ಪಿಯಾನೊ’ದ ಝಣಝಣ ಬೇಕಿದ್ದರೆ ಸಿಂಥಾಜಿಯ ಐವರಿ ಅಪ್‌ರೈಟ್ ಸಂಗ್ರಹದಲ್ಲಿ ಸಿಗುತ್ತದೆ. ಅದನ್ನು ಇಡೀ ಹಾಡಿಗೆ ಹಚ್ಚುವ ಮುನ್ನ ಯೋಚಿಸಿ, ಎರಡನೆಯ ಚರಣದ ಹೊತ್ತಿಗೆ ಸಾಕೆನಿಸುವ ನಾದ ಅದು.

ಹಿನ್ನೆಲೆ ಸಂಗೀತದ ಮೆಲುದನಿಯ ತುಣುಕಿಗೆ, ಇಲ್ಲವೇ ಪಿಸುದನಿಯಲ್ಲಿ ಹಾಡುವವರ ಜೊತೆಗೆ ಫೆಲ್ಟ್ ಪಿಯಾನೊ ಚೆನ್ನ. ಉಚಿತವಾಗಿ ಸಿಗುವ ಲ್ಯಾಬ್ಸ್ ಸರಣಿಯ ‘ಸಾಫ್ಟ್ ಪಿಯಾನೊ’ದಿಂದ ಆರಂಭಿಸಿದರೆ ನಷ್ಟವೇನಿಲ್ಲ. ಡೇವಿಡ್ ಕ್ಲಾವಿನ್ಸ್ ಕಟ್ಟಿದ, ಪ್ರತಿ ಸ್ವರಕ್ಕೂ ಒಂದೇ ತಂತಿಯಿರುವ ವಾದ್ಯದಿಂದ ರೂಪುಗೊಂಡ ‘ಉನಾ ಕೋರ್ಡಾ’ ಕೂಡ ಇದೇ ಲೋಕದ್ದು. ಫೆಲ್ಟ್‌ನ ಬಗ್ಗೆ ಒಂದು ಎಚ್ಚರಿಕೆ: ಮುದ್ರಣದ ವೇಳೆ ಮೈಕ್ ತುಂಬ ಹತ್ತಿರವಿರುತ್ತದೆ, ವಾದ್ಯದ ಸದ್ದು ತುಂಬ ಸಣ್ಣದಿರುತ್ತದೆ. ಹಾಗಾಗಿ ಕುರ್ಚಿಯ ಕಿರ್ ಎಂಬ ಸದ್ದು, ಪೆಡಲ್‌ನ ಧಪ್, ಸ್ವರದ ಹಿಂದಿನ ಸುಯ್ ಎಂಬ ಗದ್ದಲ ಎಲ್ಲವೂ ದೊಡ್ಡದಾಗಿ ಬಂದಿರುತ್ತದೆ. ಒಂದು ನಿಮಿಷದ ತುಣುಕಿನಲ್ಲಿ ಅದು ಆಪ್ತ. ಡ್ರಮ್ಸ್ ಇರುವ ಹಾಡಿನಲ್ಲಿ ಅದೇ ಸದ್ದು ಯಾರೋ ಮೇಜು ಕುಟ್ಟಿದಂತೆ ತಾಳಕ್ಕೆ ಅಡ್ಡ ಬರುತ್ತದೆ.

ಎರಡನೆಯ ಹೆಜ್ಜೆ: ಸ್ಯಾಂಪಲ್ಲೋ, ಮಾಡೆಲಿಂಗೋ?

ಸ್ಯಾಂಪಲ್ ವಾದ್ಯವೆಂದರೆ ನಿಜವಾದ ಪಿಯಾನೊದ ಒಂದೊಂದೇ ಸ್ವರವನ್ನು ಬೇರೆ ಬೇರೆ ಬಲದಲ್ಲಿ ನುಡಿಸಿ ಮುದ್ರಿಸಿಟ್ಟ ಸಂಗ್ರಹ. ಮಾಡೆಲಿಂಗ್ ವಾದ್ಯದಲ್ಲಿ ಮುದ್ರಿತ ಸದ್ದಿಲ್ಲ. ತಂತಿ, ಸುತ್ತಿಗೆ, ಸೌಂಡ್‌ಬೋರ್ಡ್ (ತಂತಿಯ ನಾದವನ್ನು ದೊಡ್ಡದು ಮಾಡುವ ಹಲಗೆ) ಇವುಗಳ ವರ್ತನೆಯನ್ನು ಕಂಪ್ಯೂಟರ್ ಆಯಾ ಕ್ಷಣದಲ್ಲೇ ಲೆಕ್ಕ ಹಾಕಿ ನಾದ ಹುಟ್ಟಿಸುತ್ತದೆ. 2006ರಲ್ಲಿ ಮೊದಲು ಬಂದ ಪಿಯಾನೊಟೆಕ್ ಇದರ ಹೆಸರಾಂತ ಮಾದರಿ, ಅದರಲ್ಲಿ ಯು4 ಎಂಬ ಅಪ್‌ರೈಟ್ ಇದೆ.

ಸ್ಯಾಂಪಲ್ ಸಂಗ್ರಹ ಯಾಕಷ್ಟು ದೊಡ್ಡದು ಎಂದು ಲೆಕ್ಕ ಹಾಕಿ ನೋಡಿ. 44.1 ಕಿಲೋಹರ್ಟ್ಜ್, 24 ಬಿಟ್, ಸ್ಟೀರಿಯೊ ಗುಣಮಟ್ಟದ ಮುದ್ರಣ ಎಂದರೆ ಸೆಕೆಂಡಿಗೆ ಸುಮಾರು 0.26 ಮೆಗಾಬೈಟ್. ಒಂದು ಸ್ವರ 20 ಸೆಕೆಂಡ್ ಮೊಳಗಿದರೆ ಸುಮಾರು 5.3 ಮೆಗಾಬೈಟ್. 88 ಕೀ, ಪ್ರತಿಯೊಂದಕ್ಕೂ ಎಂಟು ಬಲದ ಹಂತಗಳು ಎಂದುಕೊಂಡರೆ ಹತ್ತಿರಹತ್ತಿರ 3.7 ಗಿಗಾಬೈಟ್. ಪೆಡಲ್ ಒತ್ತಿ ಇನ್ನೊಮ್ಮೆ ಮುದ್ರಿಸಿದರೆ ಅದರ ಎರಡರಷ್ಟು, ಮೂರು ಮೈಕ್ ಜಾಗಗಳಿದ್ದರೆ ಮತ್ತೆ ಅದರ ಮೂರರಷ್ಟು. ಅಂದರೆ 22 ಗಿಗಾಬೈಟ್ ದಾಟುವುದಕ್ಕೆ ಯಾವ ಪವಾಡವೂ ಬೇಕಿಲ್ಲ. ಬಹುತೇಕ ತಯಾರಕರು ಇದನ್ನು ಕುಗ್ಗಿಸಿ ಕೊಡುತ್ತಾರೆ, ಕೆಲವರು ಎರಡು ಮೂರು ಕೀಗಳಿಗೆ ಒಂದೇ ಸ್ಯಾಂಪಲ್ ಬಳಸಿ ಉಳಿತಾಯ ಮಾಡುತ್ತಾರೆ. ದೊಡ್ಡ ಸಂಖ್ಯೆ ಕಂಡು ಮರುಳಾಗಬೇಡಿ. ನಿಮಗೆ ಬೇಡದ ಎರಡು ಮೈಕ್‌ಗಳ ಭಾರವೂ ಅದರಲ್ಲಿ ಸೇರಿರಬಹುದು.

ಮಾಡೆಲಿಂಗ್ ವಾದ್ಯ ಡಿಸ್ಕ್‌ನಲ್ಲಿ ಹತ್ತಾರು ಮೆಗಾಬೈಟ್ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಅರ್ಧ ಪೆಡಲ್, ತಂತಿಗಳ ಪರಸ್ಪರ ಅನುರಣನ, ಬಲದ ಏರಿಳಿತ ಎಲ್ಲವೂ ಅದರಲ್ಲಿ ನುಣುಪಾಗಿ ಬರುತ್ತದೆ. ಶ್ರುತಿಯನ್ನು ಎಷ್ಟು ಬೇಕೋ ಅಷ್ಟೇ ಸಡಿಲಿಸಬಹುದು. ನುಡಿಸುವ ಬೆರಳಿಗೆ ಅದು ಹೆಚ್ಚು ವಿಧೇಯ. ಆದರೂ ಹಳೆಯ, ನಿರ್ದಿಷ್ಟ ಒಂದು ವಾದ್ಯದ ಮರದ ವಾಸನೆ ಬೇಕೆಂದಾಗ ನನ್ನ ಕೈ ಸ್ಯಾಂಪಲ್ ಕಡೆಗೇ ಹೋಗುತ್ತದೆ. ಪಿಯಾನೊವೇ ಮುಖ್ಯವಾದ, ಭಾವಪೂರ್ಣ ಏರಿಳಿತವಿರುವ ನುಡಿಕೆಗೆ ಮಾಡೆಲಿಂಗ್, ಬಣ್ಣವೇ ಮುಖ್ಯವಾದ ಕಡೆ ಸ್ಯಾಂಪಲ್ ಎಂಬುದು ನಾನು ಇಟ್ಟುಕೊಂಡಿರುವ ಅಂದಾಜು.

ಮೂರನೆಯ ಹೆಜ್ಜೆ: ಪರೀಕ್ಷೆಗೊಂದು ಮಿಡಿ ಫೈಲ್

ತಯಾರಕರ ಡೆಮೊ ಕೇಳಿ ನಿರ್ಧರಿಸಬೇಡಿ. ಆ ವಾದ್ಯ ಎಲ್ಲಿ ಚೆನ್ನಾಗಿ ಕೇಳಿಸುತ್ತದೋ ಅಲ್ಲಿಯೇ ನುಡಿಸುವಂತೆ ಅದನ್ನು ರಚಿಸಿರುತ್ತಾರೆ. ಮೇಲೆ ಧಾರಾಳವಾಗಿ ರಿವರ್ಬ್ ಬೇರೆ. ನಿಮ್ಮದೇ ಒಂದು ಚಿಕ್ಕ ಮಿಡಿ ಫೈಲ್ (ಸದ್ದಿನ ಬದಲು ಯಾವ ಕೀ, ಯಾವಾಗ, ಎಷ್ಟು ಬಲವಾಗಿ ಎಂಬ ಸೂಚನೆಗಳಷ್ಟೇ ಇರುವ ಫೈಲ್) ಮಾಡಿಟ್ಟುಕೊಂಡು ಪ್ರತಿ ವಾದ್ಯಕ್ಕೂ ಅದನ್ನೇ ಉಣಿಸಿ. ವಾದ್ಯದೊಳಗಿನ ರಿವರ್ಬ್, ಕಂಪ್ರೆಸರ್, ಇಕ್ವಲೈಜರ್ ಎಲ್ಲವನ್ನೂ ಆಫ್ ಮಾಡಿ. ಹೋಲಿಸುವ ವಾದ್ಯಗಳ ಸದ್ದಿನ ಮಟ್ಟ ಒಂದೇ ಆಗಿರಲಿ. ಒಂದು ಡೆಸಿಬಲ್ ಜೋರಾಗಿರುವುದು ಕೂಡ ‘ಇದೇ ಚೆನ್ನಾಗಿದೆ’ ಎಂದು ಕಿವಿಯನ್ನು ನಂಬಿಸಿಬಿಡುತ್ತದೆ.

ಫೈಲಿನ ಮೊದಲ ಭಾಗದಲ್ಲಿ ಮಧ್ಯಸ್ಥಾಯಿಯ ಒಂದೇ ಸ್ವರವಿರಲಿ, ವೆಲಾಸಿಟಿ (ಹೊಡೆತದ ಬಲವನ್ನು ಹೇಳುವ ಮಿಡಿ ಸಂಖ್ಯೆ, ಗರಿಷ್ಠ 127) 10ರಿಂದ 127ರವರೆಗೆ ಸ್ವಲ್ಪಸ್ವಲ್ಪವಾಗಿ ಏರಲಿ. ಕಣ್ಣು ಮುಚ್ಚಿ ಕೇಳಿ. ಒಳ್ಳೆಯ ವಾದ್ಯದಲ್ಲಿ ಸದ್ದಿನ ಜೊತೆಗೇ ಹೊಳಪೂ ಹದವಾಗಿ ಏರುತ್ತದೆ. ಹಂತಗಳು ಕಡಿಮೆಯಿದ್ದರೆ 60ರ ಆಸುಪಾಸಿನಲ್ಲೋ 90ರ ಆಸುಪಾಸಿನಲ್ಲೋ ಇದ್ದಕ್ಕಿದ್ದಂತೆ ಬೇರೆ ಪಿಯಾನೊ ಬಂದು ಕೂತಂತಾಗುತ್ತದೆ. ಆ ಜಿಗಿತ ನಿಮ್ಮ ಸಾಮಾನ್ಯ ನುಡಿಕೆಯ ಬಲದಲ್ಲೇ ಬಿದ್ದರೆ ಆ ವಾದ್ಯವನ್ನು ಬಿಡಿ. ಕಾರ್ಡ್‌ನ ಮೂರು ಸ್ವರಗಳಲ್ಲಿ ಎರಡು ಮೆತ್ತಗೆ, ಒಂದು ಮಾತ್ರ ಟಣ್ ಎಂದು ಎದ್ದು ನಿಲ್ಲುವುದನ್ನು ಎಷ್ಟು ಮಿಕ್ಸ್ ಮಾಡಿದರೂ ಮುಚ್ಚಲಾಗದು. ಫೆಲ್ಟ್ ಪಿಯಾನೊಗೆ ಈ ವಿಷಯದಲ್ಲಿ ರಿಯಾಯಿತಿ ಕೊಡಬಹುದು, ಅದರ ಏರಿಳಿತವೇ ಕಿರಿದು, ಮೂರು ನಾಲ್ಕು ಹಂತಗಳೇ ಸಾಕಾಗುತ್ತವೆ.

ಎರಡನೆಯ ಭಾಗದಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಕೀಗಳನ್ನೂ ಒಂದೇ ವೆಲಾಸಿಟಿಯಲ್ಲಿ, ನಿಧಾನವಾಗಿ ನುಡಿಸಿ. ಇಲ್ಲಿ ಮೂರು ಸಂಗತಿ ಬಯಲಾಗುತ್ತವೆ. ಅಕ್ಕಪಕ್ಕದ ಸ್ವರಗಳಲ್ಲಿ ಅದೇ ಕಟ್ ಎಂಬ ಮರದ ಸದ್ದು ಶ್ರುತಿ ಮಾತ್ರ ಬದಲಿಸಿಕೊಂಡು ಬರುತ್ತಿದ್ದರೆ ಒಂದೇ ಸ್ಯಾಂಪಲನ್ನು ಎಳೆದು ಹೊಂದಿಸಿದ್ದಾರೆ ಎಂದರ್ಥ. ಯಾವುದೋ ಒಂದು ಕೀ ಮಾತ್ರ ಎಡಕ್ಕೋ ಬಲಕ್ಕೋ ಹಾರಿದರೆ, ಅಥವಾ ಮಂಕಾಗಿದ್ದರೆ, ಸಂಪಾದನೆಯಲ್ಲಿ ಅಜಾಗರೂಕತೆ ಇದೆ. ಇನ್ನು ಶ್ರುತಿ: ಮಧ್ಯಸ್ಥಾಯಿಯಿಂದ ಮೇಲಕ್ಕೆ ಪ್ರತಿ ಸ್ವರಕ್ಕೂ ಸಾಮಾನ್ಯವಾಗಿ ಮೂರು ತಂತಿಗಳಿರುತ್ತವೆ. ಅವು ಪರಸ್ಪರ ತುಸು ತಪ್ಪಿದ್ದರೆ ವಾವ್ ವಾವ್ ಎಂಬ ಅಲೆ ಏಳುತ್ತದೆ. ನಿಜವಾದ ಪಿಯಾನೊವಾದರೆ ಶ್ರುತಿ ಮಾಡುವವರನ್ನು ಕರೆಸಿ ಸರಿಮಾಡಿಸಬಹುದು, ಸ್ಯಾಂಪಲ್‌ನಲ್ಲಿ ಆ ಅಲೆ ಪ್ರತಿ ಸಲವೂ ಅದೇ ವೇಗದಲ್ಲಿ, ಅದೇ ಜಾಗದಲ್ಲಿ ಮರಳಿ ಬರುತ್ತದೆ. ನಿಮ್ಮ ಹಾಡಿನ ಆಧಾರ ಸ್ವರ ಯಾವುದೋ ಆ ಕೀ ಚೆನ್ನಾಗಿರಲೇಬೇಕು. ಅದನ್ನು ಪ್ರತ್ಯೇಕವಾಗಿ ಹತ್ತು ಸೆಕೆಂಡ್ ಹಿಡಿದು ಕೇಳಿ. ಒಟ್ಟು ಶ್ರುತಿ ಎ 440 ಹರ್ಟ್ಜ್‌ಗೆ ಇದೆಯೋ ಇಲ್ಲವೋ ಎಂಬುದನ್ನು ಟ್ಯೂನರ್‌ನಲ್ಲಿ ನೋಡಿಬಿಡಿ. ಹಳೆಯ ಅಪ್‌ರೈಟ್‌ಗಳನ್ನು ಇದ್ದ ಶ್ರುತಿಯಲ್ಲೇ ಮುದ್ರಿಸಿರುವುದುಂಟು. ಇಡೀ ವಾದ್ಯ ತಗ್ಗಿದ್ದರೆ ಪ್ಲಗಿನ್‌ನ ಒಂದು ಗುಂಡಿಯಿಂದ ಸರಿಹೋಗುತ್ತದೆ, ಚಿಂತೆಯಿಲ್ಲ.

ಮೂರನೆಯ ಭಾಗ ಮರುನುಡಿಕೆ. ಒಂದೇ ಸ್ವರ, ಒಂದೇ ವೆಲಾಸಿಟಿ, ಎಂಟು ಸಲ ವೇಗವಾಗಿ. ಎಲ್ಲವೂ ತದ್ರೂಪಿಯಾಗಿದ್ದರೆ ಯಂತ್ರ ಕುಟ್ಟಿದಂತೆ ಕೇಳಿಸುತ್ತದೆ. ಸ್ಯಾಂಪಲ್‌ಗಳನ್ನು ಸರದಿಯಂತೆ ಬದಲಿಸುವ ರೌಂಡ್ ರಾಬಿನ್ ಏರ್ಪಾಡಿದ್ದರೆ ಇದು ತಪ್ಪುತ್ತದೆ. ಫೆಲ್ಟ್ ಪಿಯಾನೊದಲ್ಲಂತೂ ಇದನ್ನು ಕಡ್ಡಾಯವಾಗಿ ಪರೀಕ್ಷಿಸಿ, ಅಲ್ಲಿ ಯಂತ್ರದ ಸದ್ದೇ ಅರ್ಧ ನಾದವಾಗಿರುವುದರಿಂದ ಪುನರಾವರ್ತನೆ ಬೇಗ ಸಿಕ್ಕಿಬೀಳುತ್ತದೆ.

ಕೊನೆಯ ಭಾಗ ಬಿಡುಗಡೆ ಮತ್ತು ಪೆಡಲ್. ಒಂದು ಕಾರ್ಡನ್ನು ಚುಟುಕಾಗಿ ಬಿಡಿ, ಇನ್ನೊಂದನ್ನು ಎಂಟು ಸೆಕೆಂಡ್ ಹಿಡಿದು ಬಿಡಿ. ಎರಡೂ ಕಡೆ ಡ್ಯಾಂಪರ್ (ಕೀ ಬಿಟ್ಟಾಗ ತಂತಿಯನ್ನು ಅದುಮಿ ನಿಲ್ಲಿಸುವ ಮೆತ್ತೆ) ಇಳಿಯುವ ಸದ್ದಿನ ನಂತರದ ಉಳಿಕೆ ನಾದ ಒಂದೇ ಮಟ್ಟದಲ್ಲಿದ್ದರೆ ಅದು ತಪ್ಪು. ಎಂಟು ಸೆಕೆಂಡ್ ಕಳೆದ ಮೇಲೆ ತಂತಿಯಲ್ಲಿ ಅಷ್ಟು ಶಕ್ತಿ ಉಳಿದಿರುವುದಿಲ್ಲ. ಪಿಯಾನೊದ ಮೇಲಿನ ಒಂದೂವರೆ ಸಪ್ತಕದಷ್ಟು ಸ್ವರಗಳಿಗೆ ಡ್ಯಾಂಪರ್‌ಗಳೇ ಇರುವುದಿಲ್ಲ, ಹಾಗಾಗಿ ಅಲ್ಲಿ ನಾದ ಕೈ ಬಿಟ್ಟ ಮೇಲೂ ಮುಂದುವರಿಯುವುದು ಸಹಜ. ಆಮೇಲೆ ಪೆಡಲ್ ಒತ್ತಿಟ್ಟು ಹತ್ತು ಸ್ವರಗಳನ್ನು ಮೆಲ್ಲಗೆ ನುಡಿಸಿ ಹಾಗೇ ಬಿಡಿ. ಪ್ರತಿ ಸ್ಯಾಂಪಲ್‌ನ ಹಿಂದೆಯೂ ಕೋಣೆಯ ಸಣ್ಣ ಗದ್ದಲವಿರುತ್ತದೆ. ಹತ್ತು ಒಟ್ಟಿಗೆ ಕೂಡಿದಾಗ ಅದು ಸುಮಾರು 10 ಡೆಸಿಬಲ್ ಏರುತ್ತದೆ. ಒಂದು ಸ್ವರದಲ್ಲಿ ಕೇಳಿಸದ ಸುಯ್ ಎಂಬ ಸದ್ದು ಈ ಪರೀಕ್ಷೆಯಲ್ಲಿ ಹೊರಬರುತ್ತದೆ.

ನಾಲ್ಕನೆಯ ಹೆಜ್ಜೆ: ಮೈಕ್ ಎಲ್ಲಿಟ್ಟಿದ್ದರು?

ಅಪ್‌ರೈಟ್‌ನ ಸೌಂಡ್‌ಬೋರ್ಡ್ ಇರುವುದು ಹಿಂಬದಿಗೆ. ಅಲ್ಲಿ ಮೈಕ್ ಇಟ್ಟರೆ ನಾದ ದುಂಡಗೆ, ಸುತ್ತಿಗೆಯ ಹೊಡೆತ ಮಂಕು. ಮುಂದಿನ ಹಲಗೆ ತೆಗೆದು ಸುತ್ತಿಗೆಗಳ ಎದುರು ಇಟ್ಟರೆ ಹೊಡೆತ ಚುರುಕು, ಯಂತ್ರದ ಸದ್ದೂ ಜೋರು. ಮುಚ್ಚಳ ತೆರೆದು ಮೇಲಿನಿಂದ ಮುದ್ರಿಸಿದರೆ ಎರಡರ ನಡುವಿನದು. ದೂರದ ಕೋಣೆಯ ಮೈಕ್ ಒಂದಿದ್ದರೆ ಒಳ್ಳೆಯದೇ, ಆದರೆ ಕೋಣೆಯ ಸದ್ದು ಬಿಡಿಸಲಾಗದಂತೆ ಬೆರೆತಿರುವ ವಾದ್ಯವನ್ನು ನಾನು ಆರಿಸುವುದಿಲ್ಲ. ಒಣ ನಾದಕ್ಕೆ ಕೋಣೆಯನ್ನು ಸೇರಿಸಬಹುದು, ಸೇರಿದ ಕೋಣೆಯನ್ನು ಕಳೆಯುವುದು ಕಷ್ಟ.

ಪೆಡಲ್ ಸದ್ದು, ಕೀ ಸದ್ದು, ಬಿಡುಗಡೆಯ ಸದ್ದು ಇವಕ್ಕೆ ಬೇರೆ ಬೇರೆ ನಿಯಂತ್ರಣಗಳಿವೆಯೇ ನೋಡಿ. ಎಲ್ಲಕ್ಕೂ ಒಂದೇ ಗುಂಡಿ ಇದ್ದರೆ ಮುಂದೆ ಕೈ ಕಟ್ಟಿದಂತಾಗುತ್ತದೆ.

ಐದನೆಯ ಹೆಜ್ಜೆ: ನಿಮ್ಮ ಕೀಬೋರ್ಡ್‌ಗೆ ಹೊಂದಿಸಿ

ಎಷ್ಟೋ ಸಲ ವಾದ್ಯ ಕೆಟ್ಟದ್ದೆಂದು ಬೈಸಿಕೊಳ್ಳುವುದು ವೆಲಾಸಿಟಿ ಕರ್ವ್‌ನ, ಅಂದರೆ ಬೆರಳಿನ ಬಲವನ್ನು ವೆಲಾಸಿಟಿ ಸಂಖ್ಯೆಗೆ ಹೊಂದಿಸುವ ರೇಖೆಯ, ದೋಷಕ್ಕೆ. ಹಗುರವಾದ ಕೀಗಳಿರುವ ಕೀಬೋರ್ಡ್‌ನಲ್ಲಿ ಸಹಜವಾಗಿ ನುಡಿಸಿದರೂ ವೆಲಾಸಿಟಿ 100 ದಾಟುತ್ತಿದ್ದರೆ ಯಾವ ಅಪ್‌ರೈಟ್ ಆದರೂ ಅರಚುತ್ತದೆ. ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ, ರೆಕಾರ್ಡ್ ಆದ ಸಂಖ್ಯೆಗಳನ್ನು ನೋಡಿ. ಮಧ್ಯಮ ಬಲ 55ರಿಂದ 80ರ ನಡುವೆ ಬೀಳುವಂತೆ ಕರ್ವ್ ತಿದ್ದಿ, ಆಮೇಲೆ ತೀರ್ಪು ಕೊಡಿ.

ಪೆಡಲ್ ಸಂದೇಶ ಹೋಗುವುದು ಮಿಡಿಯ 64ನೇ ಕಂಟ್ರೋಲರ್‌ನಲ್ಲಿ. ಸರಳ ಸ್ವಿಚ್ ಪೆಡಲ್ ಕಳಿಸುವುದು 0 ಅಥವಾ 127 ಮಾತ್ರ. ನಡುವಿನ ಸಂಖ್ಯೆಗಳನ್ನು ಕಳಿಸುವ ಪೆಡಲ್ ನಿಮ್ಮಲ್ಲಿಲ್ಲದಿದ್ದರೆ ಅರ್ಧ ಪೆಡಲ್ ಸೌಲಭ್ಯಕ್ಕಾಗಿ ಹೆಚ್ಚು ಹಣ ತೆರಬೇಕಿಲ್ಲ. ಬೆರಳಿಗೂ ಸದ್ದಿಗೂ ನಡುವೆ ತಡವೆನಿಸಿದರೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕಿ ಕಳಿಸುವ ಸದ್ದಿನ ತುಣುಕು) ನೋಡಿ: 44.1 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್‌ನ ಬಫರ್ ಎಂದರೆ 2.9 ಮಿಲಿಸೆಕೆಂಡ್, 512 ಎಂದರೆ 11.6. ನುಡಿಸುವಾಗ ಚಿಕ್ಕದು, ಮಿಕ್ಸ್ ಮಾಡುವಾಗ ದೊಡ್ಡದು ಇಟ್ಟುಕೊಳ್ಳಿ.

ಆರನೆಯ ಹೆಜ್ಜೆ: ಹಾಡಿನೊಳಗೆ ಇಟ್ಟು ನೋಡಿ

ಇಷ್ಟರಲ್ಲಿ ಎರಡೋ ಮೂರೋ ವಾದ್ಯಗಳು ಉಳಿದಿರುತ್ತವೆ. ಅವನ್ನು ಸೋಲೊ ಗುಂಡಿ ಮುಟ್ಟದೆ, ಉಳಿದ ಟ್ರ್ಯಾಕ್‌ಗಳ ಜೊತೆಗೇ ಕೇಳಿ. ಗಾಯನದ ಪದಗಳು ಸ್ಪಷ್ಟವಾಗಿ ಉಳಿದಿವೆಯೇ? 250ರಿಂದ 400 ಹರ್ಟ್ಜ್ ನಡುವೆ ಗಂಟು ಕಟ್ಟಿಕೊಳ್ಳುತ್ತಿದೆಯೇ? ಅಪ್‌ರೈಟ್‌ಗಳು ಕೆಸರಾಗುವುದು ಹೆಚ್ಚಾಗಿ ಅಲ್ಲಿಯೇ. ಒಂದೆರಡು ಡೆಸಿಬಲ್ ತಗ್ಗಿಸಿದರೆ ಸರಿಹೋಗುವುದಾದರೆ ಪರವಾಗಿಲ್ಲ, ಎಂಟು ಡೆಸಿಬಲ್ ಕತ್ತರಿಸಬೇಕಾದರೆ ಆ ವಾದ್ಯ ಈ ಹಾಡಿನದಲ್ಲ.

ಮಿಕ್ಸನ್ನು ಮೋನೊ (ಎಡ ಬಲ ಕೂಡಿದ ಒಂದೇ ಚಾನೆಲ್) ಮಾಡಿ ಕೇಳುವುದನ್ನು ಮರೆಯಬೇಡಿ. ದೂರದೂರ ಇಟ್ಟ ಎರಡು ಮೈಕ್‌ಗಳಿಂದ ಬಂದ ಅಗಲವಾದ ಸ್ಟೀರಿಯೊ ಪಿಯಾನೊ ಹೆಡ್‌ಫೋನ್‌ನಲ್ಲಿ ಮೋಹಕವಾಗಿರುತ್ತದೆ. ಎರಡೂ ಚಾನೆಲ್ ಕೂಡಿದಾಗ ಕೆಲವು ಕಂಪನಾಂಕಗಳು ಪರಸ್ಪರ ರದ್ದಾಗಿ ನಾದ ಡೊಗರಾಗುತ್ತದೆ. ಮೊಬೈಲ್‌ನ ಒಂದೇ ಸ್ಪೀಕರ್‌ನಲ್ಲಿ ಕೇಳುವವರಿಗೆ ತಲುಪುವುದು ಆ ಡೊಗರು ನಾದವೇ. ಬ್ಯಾಂಡ್ ನಡುವಿನ ಅಪ್‌ರೈಟ್‌ಗೆ ಮೋನೊ ಅಥವಾ ಕಿರಿದಾದ ಸ್ಟೀರಿಯೊವೇ ಲೇಸು ಎಂಬುದು ನನ್ನ ಪಕ್ಷಪಾತ.

ಕೊಳ್ಳುವ ಮುನ್ನ

ವಾದ್ಯ ಸ್ವತಂತ್ರ ಪ್ಲಗಿನ್ನೋ, ಇನ್ನೊಂದು ಪ್ಲೇಯರ್‌ನೊಳಗೆ ತೆರೆಯುವಂಥದ್ದೋ ಓದಿ ತಿಳಿಯಿರಿ. ಕೊಂಟ್ಯಾಕ್ಟ್ ಎಂಬ ಪ್ಲೇಯರ್‌ಗಾಗಿ ಮಾಡಿದ ಹಲವು ಸಂಗ್ರಹಗಳಿಗೆ ಅದರ ಪೂರ್ಣ ಆವೃತ್ತಿಯೇ ಬೇಕು. ಅದರ ಉಚಿತ ಆವೃತ್ತಿಯಲ್ಲಿ ಅವು 15 ನಿಮಿಷ ನುಡಿದು ಸುಮ್ಮನಾಗುತ್ತವೆ. ಡೀಸೆಂಟ್ ಸ್ಯಾಂಪ್ಲರ್, ಸ್ಫೋರ್ಜಾಂಡೊ ಇವೆರಡೂ ಉಚಿತ ಪ್ಲೇಯರ್‌ಗಳು. ಪಿಯಾನೊಬುಕ್ ತಾಣದಲ್ಲಿ ಜನರು ತಮ್ಮ ಮನೆಯ ಅಪ್‌ರೈಟ್‌ಗಳನ್ನು ಮುದ್ರಿಸಿ ಹಂಚಿಕೊಂಡ ಸಂಗ್ರಹಗಳು ಬೇಕಾದಷ್ಟಿವೆ. ಗುಣಮಟ್ಟ ಏರುಪೇರು, ಆದರೆ ಬೇರೆ ಯಾರ ಹಾಡಿನಲ್ಲೂ ಕೇಳದ ಒಂದು ನಾದ ಅಲ್ಲಿ ಸಿಕ್ಕಿಬಿಡಬಹುದು.

ನಿಮ್ಮ ತಂತ್ರಾಂಶಕ್ಕೆ ವಿಎಸ್‌ಟಿ3 ಬೇಕೋ, ಎಯು ಬೇಕೋ, ಎಎಎಕ್ಸ್ ಬೇಕೋ (ಇವು ಪ್ಲಗಿನ್‌ನ ಬಗೆಗಳು) ಖಚಿತಪಡಿಸಿಕೊಳ್ಳಿ. ಸ್ಯಾಂಪಲ್‌ಗಳು ಎಸ್‌ಎಸ್‌ಡಿಯಲ್ಲಿರಲಿ. ಪರವಾನಗಿಯನ್ನು ಒಮ್ಮೆ ಓದಿ: ಸಾಮಾನ್ಯವಾಗಿ ನಿಮ್ಮ ಸಂಗೀತದಲ್ಲಿ ಬಳಸಲು ಅಡ್ಡಿಯಿಲ್ಲ, ಬಿಡಿ ಸ್ಯಾಂಪಲ್‌ಗಳನ್ನು ತೆಗೆದು ಇನ್ನೊಂದು ಸಂಗ್ರಹವಾಗಿ ಮಾರುವಂತಿಲ್ಲ. ಪ್ರಾಯೋಗಿಕ ಆವೃತ್ತಿ ಇದ್ದರೆ ಅದರಲ್ಲೇ ನಿಮ್ಮ ಮಿಡಿ ಫೈಲ್ ಪರೀಕ್ಷೆ ಮುಗಿಸಿ, ಏಕೆಂದರೆ ಡೌನ್‌ಲೋಡ್ ಮಾಡಿದ ಸಂಗ್ರಹವನ್ನು ಹಿಂದಿರುಗಿಸಲು ಬಿಡುವವರು ವಿರಳ.

ಆರಿಸಿದ ಮೇಲೆ ಕರ್ವ್, ಮೈಕ್, ಸದ್ದುಗಳ ಮಟ್ಟ ಎಲ್ಲವನ್ನೂ ನಿಮ್ಮದೇ ಹೆಸರಿನ ಪ್ರಿಸೆಟ್ ಆಗಿ ಉಳಿಸಿ. ಹಾಡು ಮುಗಿದ ದಿನವೇ ಪಿಯಾನೊ ಟ್ರ್ಯಾಕನ್ನು ಆಡಿಯೊ ಫೈಲ್ ಆಗಿಯೂ ರೆಂಡರ್ ಮಾಡಿ, ಮಿಡಿ ಜೊತೆಗೆ ಅದೇ ಫೋಲ್ಡರ್‌ನಲ್ಲಿ ಇಡಿ. ಕೆಲವು ವರ್ಷಗಳ ನಂತರ ಆಪರೇಟಿಂಗ್ ಸಿಸ್ಟಂ ಬದಲಾಗಿ ಪ್ಲಗಿನ್ ತೆರೆಯದೇ ಹೋದರೂ ಆ ಹಾಡನ್ನು ಮತ್ತೆ ಮಿಕ್ಸ್ ಮಾಡಬಹುದು.